ಶತ್ರುವಿನ ಸರಬರಾಜು ಕಡಿಯಲು ವಾಯುಪಡೆಯೊಂದೇ ಸಾಕೇ?

ಸೇತುವೆ, ರೈಲು ಹಳಿ ಒಡೆದರೆ ಶತ್ರುವಿನ ಸರಬರಾಜು ನಿಲ್ಲುತ್ತದಲ್ಲ, ಭೂಸೇನೆ ಜೊತೆ ಹೊಂದಾಣಿಕೆ ಯಾಕೆ ಬೇಕು ಎಂದು ಕೇಳಿದ್ದೀರಿ. ನೀವು ಸಿಂಧನೂರಿನವರು, ಕಾಲುವೆ ಲೆಕ್ಕದಲ್ಲೇ ನೋಡಿ. ಬೆಳೆ ಇಲ್ಲದಾಗ ಎಡದಂಡೆ ಕಾಲುವೆ ಬಂದ್ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಭತ್ತ ನಾಟಿ ಆದ ಮೇಲೆ ನೀರು ನಿಂತರೆ ಕೊನೆ ಭಾಗದ ರೈತರು ರಸ್ತೆಗಿಳಿಯುತ್ತಾರೆ. ಶತ್ರು ಮದ್ದುಗುಂಡು, ಡೀಸೆಲ್ ಖರ್ಚು ಮಾಡಲೇಬೇಕಾದ ಸ್ಥಿತಿ ತರುವುದು ನೆಲದ ದಾಳಿ.

ಎರಡನೇ ಮಹಾಯುದ್ಧದಲ್ಲಿ, ಇಟಲಿಯಲ್ಲಿ 1944ರ ಮಾರ್ಚ್ 19ಕ್ಕೆ ಶುರುವಾದ ಮಿತ್ರಪಡೆಗಳ ವಾಯುದಾಳಿ 'ಆಪರೇಷನ್ ಸ್ಟ್ರ್ಯಾಂಗಲ್' ಇದಕ್ಕೆ ಸಾಕ್ಷಿ. ಬರೀ ಬಾಂಬಿನಿಂದಲೇ ಜರ್ಮನ್ನರು ಹಿಂದೆ ಸರಿಯುತ್ತಾರೆಂಬ ಆಸೆ ಇತ್ತು. ಸರಿಯಲಿಲ್ಲ. ಮುಂಚೂಣಿ ತಣ್ಣಗಿತ್ತು, ಖರ್ಚು ಕಡಿಮೆ. ರಾತ್ರಿ ಲಾರಿಗಳಲ್ಲಿ ಬಂದಷ್ಟೇ ಸಾಕಾಯಿತು. ಮೇ 11ಕ್ಕೆ ಮಿತ್ರಪಡೆಗಳ ಭೂಸೇನೆ ನುಗ್ಗಿದಾಗ ಜರ್ಮನ್ನರ ಖರ್ಚು ಏರಿತು, ತಮ್ಮ ಮೀಸಲು ಪಡೆಯನ್ನು ಹಗಲಲ್ಲೇ ಮುಂಚೂಣಿಗೆ ಸಾಗಿಸಬೇಕಾಯಿತು. ಆಗ ಮುರಿದ ಸೇತುವೆಗಳು ಕಾಡಿದವು. ಜೂನ್ 4ಕ್ಕೆ ರೋಮ್ ಬಿತ್ತು.

ಹೊಂದಾಣಿಕೆ ಹೆಚ್ಚಾಗಿ ಕೆಡುವುದು ನಕ್ಷೆಯ ಮೇಲಿನ ಒಂದು ಗೆರೆಯಲ್ಲಿ. ಅದು 'ಫೈರ್ ಸಪೋರ್ಟ್ ಕೋಆರ್ಡಿನೇಷನ್ ಲೈನ್'. ಎಳೆಯುವುದು ಭೂಸೇನೆ ಕಮಾಂಡರ್. ಗೆರೆಯ ಈಚೆ ನಮ್ಮವರಿರುತ್ತಾರೆ, ಆದ್ದರಿಂದ ಫಾರ್ವರ್ಡ್ ಏರ್ ಕಂಟ್ರೋಲರ್ (ಮುಂಚೂಣಿಯಿಂದ ವಿಮಾನಗಳಿಗೆ ಗುರಿ ತೋರಿಸುವವರು) ಒಪ್ಪದೆ ಬಾಂಬ್ ಹಾಕುವಂತಿಲ್ಲ. ಆಚೆಗೆ ವಿಮಾನಗಳಿಗೆ ಸಾಕಷ್ಟು ಸ್ವಾತಂತ್ರ್ಯ. ಗೆರೆ ತೀರಾ ಹತ್ತಿರವಾದರೆ ನಮ್ಮವರ ಮೇಲೇ ಬಾಂಬ್ ಬೀಳುವ ಅಪಾಯ. ತೀರಾ ದೂರವಾದರೆ ನಡುವಿನ ಶತ್ರು ಫಿರಂಗಿಗೂ ಸಿಗುವುದಿಲ್ಲ, ವಿಮಾನಕ್ಕೂ ಸಿಗುವುದಿಲ್ಲ. 1991ರ ಕೊಲ್ಲಿ ಯುದ್ಧದ ಕೊನೆಯಲ್ಲಿ ಈ ಗೆರೆಯನ್ನು ಯೂಫ್ರೆಟಿಸ್ ನದಿಯ ಆಚೆಗೆ ತಳ್ಳಿದ್ದರಿಂದ ಬಸ್ರಾ ಕಡೆ ಓಡುತ್ತಿದ್ದ ಇರಾಕಿ ಪಡೆಗೆ ಕೆಲವು ಗಂಟೆ ಉಸಿರು ಸಿಕ್ಕಿತು. ವಾಯುಪಡೆಯವರು ಇದನ್ನು ಇಂದಿಗೂ ಎತ್ತಿ ಆಡುತ್ತಾರೆ, ತಪ್ಪೇನಿಲ್ಲ.

ನಮ್ಮಲ್ಲಿ ಕಾರ್ಗಿಲ್ ನೋಡಿ. ವಾಯುದಾಳಿ ಶುರುವಾದದ್ದು 1999ರ ಮೇ 26ಕ್ಕೆ, ನಿಯಂತ್ರಣ ರೇಖೆ ದಾಟಬಾರದೆಂಬ ಕಟ್ಟುಪಾಡಿನೊಂದಿಗೆ. ಹಿಂಬದಿಯ ಸೇತುವೆ, ರಸ್ತೆ ಮುಟ್ಟುವಂತಿರಲಿಲ್ಲ. ಹಾಗಾಗಿ ರೇಖೆಯ ಈಚೆಗಿದ್ದ ಮುಂಥೋ ಧಾಲೋ ಸರಬರಾಜು ಶಿಬಿರವೇ ದೊಡ್ಡ ಗುರಿಯಾಯಿತು; ಜೂನ್ 17ಕ್ಕೆ ಮಿರಾಜ್ ಯುದ್ಧವಿಮಾನಗಳು ಹೊಡೆದವು. ಕೆಳಗಿನಿಂದ ಭೂಸೇನೆಯ ಒತ್ತಡವೂ ಇದ್ದುದರಿಂದ ಬೆಟ್ಟದ ಮೇಲಿದ್ದ ಪಾಕಿಸ್ತಾನಿ ಪಡೆಗೆ ಅದು ನೇರವಾಗಿ ತಟ್ಟಿತು.

ಇನ್ನೊಂದು ಮಾತು, ಸೇತುವೆ ಒಮ್ಮೆ ಒಡೆದರೆ ಮುಗಿಯಲಿಲ್ಲ. ತೇಲು ಸೇತುವೆ ರಾತ್ರೋರಾತ್ರಿ ಏಳುತ್ತದೆ. ಮತ್ತೆ ಫೋಟೊ ತೆಗೆದು ಮತ್ತೆ ಹೊಡೆಯಬೇಕು. ಮುಂದಿನ ವಾರ ನಮ್ಮ ಟ್ಯಾಂಕುಗಳೇ ಅದರ ಮೇಲೆ ಹೋಗಬೇಕಿದ್ದರೆ ಅದನ್ನು ಗುರಿಪಟ್ಟಿಯಿಂದ ತೆಗೆಸುವುದು ಭೂಸೇನೆಯ ಜವಾಬ್ದಾರಿ.