ಹಿತ್ತಲ ಪ್ರಶ್ನೆ: ನಕ್ಷತ್ರವನ ಬಿಡಿ, ತಂಬುಳಿ ತೋಟ ಮಾಡಿ

ಪ್ರಶ್ನೆ: ಮನೆ ಮುಂದೆ 10 ಅಡಿ ಉದ್ದ, 6 ಅಡಿ ಅಗಲದ ಜಾಗ ಇದೆ. ಉದ್ಯಾನವೊಂದರಲ್ಲಿ ನಕ್ಷತ್ರವನ ನೋಡಿ ಬಂದ ಮೇಲೆ ನನಗೂ ಆಸೆಯಾಗಿದೆ. ಗಿಡಗಳನ್ನು ಎಷ್ಟು ದೂರದಲ್ಲಿ ನೆಡಬೇಕು? – ಓದುಗರು, ದಾವಣಗೆರೆ

ನೆಡಲೇಬೇಡಿ. ನಕ್ಷತ್ರವನ ಅಂದರೆ 27 ನಕ್ಷತ್ರಕ್ಕೆ 27 ಗಿಡ, ಅದರಲ್ಲಿ ಹೆಚ್ಚಿನವು ಹೆಮ್ಮರಗಳು. ರೋಹಿಣಿಗೆ ನೇರಳೆ, ಪುಷ್ಯಕ್ಕೆ ಅರಳಿ, ಮಘೆಗೆ ಆಲ, ಉತ್ತರಾಷಾಢಕ್ಕೆ ಹಲಸು. ಆಲ ಒಂದೇ ಸಾಕು, ನಿಮ್ಮ ಮನೆ, ಪಕ್ಕದ ಮನೆ ಎರಡರ ಪಾಯವನ್ನೂ ಎತ್ತಿಬಿಡುತ್ತದೆ. ಮೊದಲ ನಕ್ಷತ್ರ ಅಶ್ವಿನಿಯ ಗಿಡವೇ ಕಾಸರಕ. ಅದರ ಬೀಜ ಕಡು ವಿಷ. ಇವೆಲ್ಲ ದೊಡ್ಡ ಉದ್ಯಾನಕ್ಕೆ, ದೇವಸ್ಥಾನದ ಜಮೀನಿಗೆ ಸರಿ.

ನಿಮ್ಮ ಅರವತ್ತು ಚದರ ಅಡಿಗೆ ನಾನು ಹೇಳುವುದು ತಂಬುಳಿ ತೋಟ, ಅಂದರೆ ಸೊಪ್ಪು ಬೀಸಿ ಮಜ್ಜಿಗೆಗೆ ಬೆರೆಸುವ ತಂಬುಳಿಗೆ ಬೇಕಾದ ಗಿಡಗಳು. ನಾನು ಸಾಗರದ ಕಡೆಯವಳು, ಹಾಗಾಗಿ ಪಕ್ಷಪಾತ ಇದೆ ಅಂದುಕೊಳ್ಳಿ. ಆದರೆ ಮದ್ದಿನ ಗಿಡ ಉಳಿಯುವುದು ದಿನಾ ಕೈ ಹೋಗುವ ಕಡೆ ಮಾತ್ರ. ಜ್ವರ ಬಂದಾಗ ನೋಡೋಣ ಅಂತ ನೆಟ್ಟ ಗಿಡ ಬೇಸಿಗೆಯಲ್ಲಿ ನೀರಿಲ್ಲದೆ ಒಣಗುತ್ತದೆ. ಊಟಕ್ಕೆ ಬೇಕಾದ ಗಿಡಕ್ಕೆ ಯಾರಾದರೂ ಒಂದು ಚೊಂಬು ನೀರು ಹಾಕಿಯೇ ಹಾಕುತ್ತಾರೆ.

ನಲ್ಲಿಯ ಬುಡದಲ್ಲಿ ಒಂದೆಲಗ ಬಿಡಿ. ಕರಾವಳಿಯವರು ತಿಮರೆ ಅನ್ನುತ್ತಾರೆ. ನೆಲ ಸದಾ ಒದ್ದೆ ಇದ್ದರೆ ಬಳ್ಳಿ ತಾನೇ ಹಬ್ಬಿಕೊಳ್ಳುತ್ತದೆ. ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೇಳಿದರೆ ಒಂದೊಂದು ಸಲ ನೀರುಬ್ರಾಹ್ಮಿ ಕೊಟ್ಟುಬಿಡುತ್ತಾರೆ. ಅದರದು ಜೋಡಿಜೋಡಿ ದಪ್ಪ ಪುಟ್ಟ ಎಲೆ. ತಂಬುಳಿಗೆ ಬೇಕಾದದ್ದು ಉದ್ದ ತೊಟ್ಟಿನ ತುದಿಯಲ್ಲಿ ದುಂಡಗಿನ ಒಂದೇ ಎಲೆ ಇರುವುದು. ಅರ್ಧ ನೆರಳಿನಲ್ಲಿ ದೊಡ್ಡಪತ್ರೆ. ಗೇಣುದ್ದ ಕಡ್ಡಿ ಮುರಿದು ಚುಚ್ಚಿದರೆ ಸಾಕು, ಬರುತ್ತದೆ. ನೀರು ಜಾಸ್ತಿಯಾದರೆ ಮಾತ್ರ ಬುಡ ಕೊಳೆಯುತ್ತದೆ. ಬಿಸಿಲಿನ ಅಂಚಿಗೆ ಮಜ್ಜಿಗೆ ಹುಲ್ಲು, ಮೂಲೆಗೊಂದು ದಾಳಿಂಬೆ, ಒಂದು ಕೇಪಳ. ಹೊಟ್ಟೆ ಕೆಟ್ಟಾಗ ದಾಳಿಂಬೆ, ಪೇರಲೆ, ಕೇಪಳದ ಎಳೆ ಚಿಗುರು ಕಿತ್ತು ನಮ್ಮಲ್ಲಿ ಕುಡಿ ತಂಬುಳಿ ಮಾಡುತ್ತಾರೆ. ಪೇರಲೆ ನೆಡಲು ನಿಮ್ಮಲ್ಲಿ ಜಾಗ ಇಲ್ಲ, ಪಕ್ಕದ ಮನೆಯವರನ್ನು ಕೇಳಿ.

ಬೇಲಿಗೆ ಚಕ್ರಮುನಿ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಹಾಕಿ, ಬೇಯಿಸಿ ತಿನ್ನಿ. ತೆಳ್ಳಗಾಗಲು ಅಂತ ಹಸಿ ರಸ ಕುಡಿಯಬೇಡಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ಹಾಗೆ ಕುಡಿದ ಹಲವರಿಗೆ ಶ್ವಾಸಕೋಶವೇ ಹಾಳಾಯಿತು.

ಇನ್ನು ತಂಬುಳಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿಯಿರಿ. ಹದಿನೈದು ದೊಡ್ಡಪತ್ರೆ ಎಲೆ ಹಾಕಿ, ಬಾಡುವವರೆಗೆ ಬಾಡಿಸಿ. ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ಬೀಸಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಸಾಸಿವೆ, ಒಣಮೆಣಸಿನ ಒಗ್ಗರಣೆ. ಕುದಿಸಬಾರದು. ಒಂದೆಲಗವಾದರೆ ಹುರಿಯುವುದೂ ಬೇಡ, ಬೇರು ಸಮೇತ ತೊಳೆದು ಹಸಿಯಾಗೇ ಬೀಸಿ.

ಪ್ರಶ್ನೆ: ನಮ್ಮ ಶಾಲೆಯ ಹಿಂದೆ ಹತ್ತು ಗುಂಟೆ ಖಾಲಿ ಇದೆ. ಗಣೇಶನ ಪೂಜೆಯ 21 ಪತ್ರೆಗಳ ತೋಟ ಮಾಡಬೇಕು ಅಂತ ಯೋಚನೆ. ಮಕ್ಕಳಿಗೆ ಉಪಯೋಗವೂ ತಿಳಿಯಬೇಕು. – ಶಿಕ್ಷಕರು, ಹಿರಿಯೂರು

ಮೇಷ್ಟ್ರೇ, ಬಹಳ ಒಳ್ಳೆಯ ಯೋಚನೆ. ನಿಮ್ಮ ಒಣ ನೆಲಕ್ಕೆ ಹೊಂದುವ ಗಿಡಗಳೇ ಈ ಪಟ್ಟಿಯಲ್ಲಿ ತುಂಬಿವೆ: ಬಿಲ್ವ, ಬನ್ನಿ, ಎಲಚಿ, ಲಕ್ಕಿ, ಎಕ್ಕ. ಉತ್ತರಾಣಿಯನ್ನಂತೂ ನೆಡಬೇಕಾಗಿಯೇ ಇಲ್ಲ. ಮಳೆ ಬಿದ್ದರೆ ತಾನೇ ಬರುತ್ತದೆ, ಮಕ್ಕಳ ಚಡ್ಡಿಗೆ ಅಂಟಿಕೊಂಡು ಊರೆಲ್ಲ ಸುತ್ತುತ್ತದೆ. ದೇವದಾರು ಬಿಟ್ಟುಬಿಡಿ, ಅದು ಹಿಮಾಲಯದ ಮರ. ಇಪ್ಪತ್ತಕ್ಕೆ ಗಣೇಶ ಬೇಜಾರು ಮಾಡಿಕೊಳ್ಳಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ಪಟ್ಟಿಯಲ್ಲಿ ಕಣಗಿಲೆ, ಉಮ್ಮತ್ತಿ, ಎಕ್ಕ ಮೂರೂ ವಿಷ. ಉಮ್ಮತ್ತಿಯ ಮುಳ್ಳುಕಾಯಿ ಮಕ್ಕಳಿಗೆ ಆಟದ ಸಾಮಾನಿನ ಹಾಗೆ ಕಾಣುತ್ತದೆ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಪೆಟ್ಟು. ಈ ಮೂರನ್ನು ಬೇಲಿಯ ಆಚೆ ನೆಟ್ಟು ದೂರದಿಂದ ತೋರಿಸಿ. ಪ್ರಾಥಮಿಕ ಶಾಲೆಯಾದರೆ ಅವೂ ಬೇಡ, ಚಿತ್ರ ಸಾಕು.

ಉಪಯೋಗಕ್ಕೆ ಲಕ್ಕಿಯಿಂದಲೇ ಶುರು ಮಾಡಿ. ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಬಾಣಂತಿಯ ಸ್ನಾನದ ನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸುವುದು, ನೆಗಡಿಗೆ ಹಬೆ ತೆಗೆದುಕೊಳ್ಳುವುದು, ಹುಳ ಬೀಳದಿರಲಿ ಅಂತ ಕಾಳಿನ ನಡುವೆ ಒಣ ಎಲೆ ಇಡುವುದು, ಇದೆಲ್ಲ ನಿಮ್ಮೂರಿನ ಅಜ್ಜಿಯರಿಗೆ ಗೊತ್ತಿರುತ್ತದೆ. ಫಲಕದಲ್ಲಿ ‘ಸರ್ವರೋಗ ನಿವಾರಕ’ ಅಂತ ಮಾತ್ರ ಬರೆಸಬೇಡಿ. ಯಾವ ಮಗುವಿನ ಮನೆಯಲ್ಲಿ ಯಾವುದಕ್ಕೆ ಬಳಸುತ್ತಿದ್ದರು ಅಂತ ಅವರಿಂದಲೇ ಕೇಳಿಸಿ ಬರೆಸಿ. ಎಲಚಿ ಸಂಕ್ರಾಂತಿಗೆ ಚಿಕ್ಕ ಮಕ್ಕಳ ತಲೆ ಮೇಲೆ ಸುರಿಯಲು ಬೇಕು, ಬನ್ನಿ ವಿಜಯದಶಮಿಗೆ ಬೇಕು. ಅದೂ ಉಪಯೋಗವೇ ಅಲ್ವಾ?

ಮರುಗ, ಮಾಚಿಪತ್ರೆ ಎರಡನ್ನೂ ಕುಂಡದಲ್ಲಿಟ್ಟು ಬಾಗಿಲ ಹತ್ತಿರ ಇಡಿ. ಪಕ್ಕಕ್ಕೆ ದವನವನ್ನೂ ಸೇರಿಸಿ. ಅದು ಪಟ್ಟಿಯಲ್ಲಿ ಇಲ್ಲ, ಆದರೆ ಮುಟ್ಟಿದ ಕೈ ಸಂಜೆವರೆಗೂ ಘಮಘಮ ಅನ್ನುತ್ತದೆ. ಚಳಿಗಾಲದಲ್ಲಿ ಬಿತ್ತಿದರೆ ಚೈತ್ರದ ದವನದ ಹುಣ್ಣಿಮೆಯ ಹೊತ್ತಿಗೆ ಕೈಗೆ ಸಿಗುತ್ತದೆ.

ಪ್ರಶ್ನೆ: ವಿರಾಜಪೇಟೆಯಿಂದ ಬೆಂಗಳೂರಿಗೆ ಬಂದು ನೆಲೆಸಿದ್ದೇವೆ. ಕಕ್ಕಡ ಪದಿನೆಟ್ಟ್‌ಗೆ ಬೇಕಾದ ಮದ್ದು ತೊಪ್ಪು ಇಲ್ಲಿ ಬೆಳೆಯುತ್ತದೆಯೇ? – ಓದುಗರು, ಬೆಂಗಳೂರು

ಪ್ರಯತ್ನ ಮಾಡಬಹುದು. ಇದು ಪಶ್ಚಿಮಘಟ್ಟದ ಕಾಡಿನ ನೆರಳಲ್ಲಿ ಬೆಳೆಯುವ ಗಿಡ. ಮಹಡಿಯ ಬಿಸಿಲು ತಡೆಯಲ್ಲ. ಮಳೆಗಾಲ ಶುರುವಾದಾಗ ಊರಿಂದ ಕಡ್ಡಿ ತಂದು, ಎಲೆಗೊಬ್ಬರ ಜಾಸ್ತಿ ಇರುವ ದೊಡ್ಡ ಕುಂಡದಲ್ಲಿ ನೆಡಿ. ಬಿಸಿಲು ಬೀಳದ ಕಡೆ ಇಡಿ, ಮಣ್ಣು ಒಣಗಲು ಬಿಡಬೇಡಿ.

ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ: ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಅಂತ ಕೊಡಗಿನವರ ನಂಬಿಕೆ. ಸೊಪ್ಪು, ಕಾಂಡ ಕುದಿಸಿದರೆ ಗಾಢ ನೇರಳೆ ರಸ ಬರುತ್ತದೆ. ಅದನ್ನು ಸೋಸಿ, ಅಕ್ಕಿ, ಬೆಲ್ಲ, ಕಾಯಿ ಸೇರಿಸಿ ಪಾಯಸ ಮಾಡುತ್ತಾರೆ, ಇಲ್ಲವೇ ಅಕ್ಕಿತರಿಯಲ್ಲಿ ಪುಟ್ಟು. ತಿಂದ ಮೇಲೆ ಮೂತ್ರ ಕೆಂಪಗಾಗುತ್ತದೆ. ಮನೆಗೆ ಬಂದ ನೆಂಟರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಸೀದಾ ಆಸ್ಪತ್ರೆಗೆ ಓಡುತ್ತಾರೆ.

ಪ್ರಶ್ನೆ: ಮೊಮ್ಮಗಳಿಗೆ ಮೂರು ತಿಂಗಳು. ತೋಟದಲ್ಲಿ ಬಜೆ ಬೆಳೆದಿದೆ. ಜೇನಿನಲ್ಲಿ ತೇಯ್ದು ನೆಕ್ಕಿಸಬಹುದೇ? – ಓದುಗರು, ಶಿರಸಿ

ಬೇಡ ಅಕ್ಕ. ನಮ್ಮ ಮನೆಗಳಲ್ಲೂ ನೆಕ್ಕಿಸುತ್ತಿದ್ದರು, ಗೊತ್ತು. ಆದರೆ ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನುವ ರಾಸಾಯನಿಕದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದಲೇ ಅದನ್ನು ಆಹಾರದಲ್ಲಿ ಬಳಸುವಂತಿಲ್ಲ. ತೇಯ್ದದ್ದು ಸ್ವಲ್ಪ ಹೆಚ್ಚಾದರೂ ಎಳೆಮಗು ವಾಂತಿ ಮಾಡಿಕೊಂಡು ಸುಸ್ತಾಗುತ್ತದೆ. ಜೇನುತುಪ್ಪವನ್ನೂ ವರ್ಷ ತುಂಬುವವರೆಗೆ ಕೊಡಬಾರದು. ಕೈಗೆ ಬಜೆ ಬಳೆ ಕಟ್ಟಿದರೆ ಮಗು ಅದನ್ನೂ ಬಾಯಿಗೇ ಇಡುತ್ತದೆ. ಹೊಟ್ಟೆನೋವು ಅನ್ನಿಸಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಳೆದ ಬಜೆ ಒಣಗಿಸಿ ಬಟ್ಟೆಯ ಪೆಟ್ಟಿಗೆಗೆ ಹಾಕಿ, ಹುಳ ಬರಲ್ಲ.