ಕತ್ತರಿಗಿಂತ ಮೊದಲೇ ಬಂದಿದ್ದ ಗಂಟು

ಈ ಪ್ರಕರಣದಲ್ಲಿ ವಯಸ್ಸು, ಮನೆಯ ವಿವರ, ಗುರುತು ಹಿಡಿಯಬಹುದಾದ ಸಂಗತಿಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರಿನ ಬದಲು ‘ಅಕ್ಕ’ ಎನ್ನುತ್ತೇನೆ. ಎದುರಿಗೆ ಕರೆಯುತ್ತಿದ್ದುದೂ ಹಾಗೆಯೇ.

ಅಕ್ಕನಿಗೆ 43 ವರ್ಷ. ಮಲೆನಾಡಿನಲ್ಲಿ ಒಂದು ಎಕರೆ ಅಡಿಕೆ ತೋಟ. ಕೊಯ್ಲಿನ ಕಾಲದಲ್ಲಿ ಬೇರೆಯವರ ಮನೆಗೂ ಅಡಿಕೆ ಸುಲಿಯಲು ಹೋಗುತ್ತಾರೆ. ಮಧ್ಯರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುವಾಗ ನಿದ್ದೆ ಹತ್ತದಿರಲಿ ಎಂದು ಎಡಗೆನ್ನೆಯಲ್ಲಿ ಒಂದು ಕವಳ: ಎಲೆ, ಅಡಿಕೆ, ಸುಣ್ಣ, ಚಿಟಿಕೆ ಹೊಗೆಸೊಪ್ಪು. ಮಲಗುವಾಗಲೂ ಅದನ್ನು ಉಗುಳುತ್ತಿರಲಿಲ್ಲ. ಹಾಗೆಯೇ ಮೂವತ್ತು ವರ್ಷ ಕಳೆದಿದೆ.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಬಾಯಿ ತೆರೆಸಿ ನೋಡಿದಾಗ ಎಡಗೆನ್ನೆಯ ಒಳಗೆ ಬೆರಳುಗುರಿನಷ್ಟು ಬಿಳಿ ಮಚ್ಚೆ ಕಂಡಿತು. ಒರೆಸಿದರೂ ಹೋಗಲಿಲ್ಲ. ನೋವೂ ಇರಲಿಲ್ಲ. ದಂತವೈದ್ಯರು ಬಯಾಪ್ಸಿ, ಅಂದರೆ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಬೇಕು ಎಂದು ಚೀಟಿ ಬರೆದುಕೊಟ್ಟರು. ಎರಡು ತಿಂಗಳಾದರೂ ಅಕ್ಕ ಹೋಗಲಿಲ್ಲ. ಆಗ, ತಂಬಾಕು ಬಿಡುವವರಿಗೆ ಸಲಹೆ ಕೊಡುವ ನನ್ನ ಬಳಿಗೆ ಕಳುಹಿಸಿದರು.

ಮೊದಲ ಭೇಟಿಯಲ್ಲಿ ಅವರು ಎಡಗೆನ್ನೆಯ ಮೇಲೆ ಅಂಗೈ ಇಟ್ಟುಕೊಂಡೇ ಕುಳಿತಿದ್ದರು. ನಾನು ತಪ್ಪು ಮಾಡಿದ್ದು ಅಲ್ಲಿಯೇ. ಬಾಯಿ ಕ್ಯಾನ್ಸರಿನ ಚಿತ್ರಗಳ ಪಟವನ್ನು ತೆಗೆದು ವಿವರಿಸತೊಡಗಿದೆ. ಎರಡನೆಯ ಚಿತ್ರಕ್ಕೇ ಅವರು ಎದ್ದು ನಿಂತು, “ಹಸು ಕರೆಯುವ ಹೊತ್ತಾಯಿತು” ಎಂದು ಹೊರಟುಹೋದರು. ಬೆಳಗ್ಗೆ ಹನ್ನೊಂದು ಗಂಟೆ. ಮೂರು ವಾರ ಅವರ ಸುಳಿವಿಲ್ಲ. ಮೊದಲೇ ಹೆದರಿ ಬಂದವರನ್ನು ಇನ್ನಷ್ಟು ಹೆದರಿಸಿದರೆ ಅವರು ಚಟವನ್ನು ಬಿಡುವುದಿಲ್ಲ, ಆಸ್ಪತ್ರೆಯನ್ನು ಬಿಡುತ್ತಾರೆ. ಆ ಪಟವನ್ನು ಅಂದಿನಿಂದ ಮೊದಲ ಭೇಟಿಗೆ ಹೊರತೆಗೆದಿಲ್ಲ.

ಆಶಾ ಕಾರ್ಯಕರ್ತೆಯೇ ಮತ್ತೆ ಕರೆತಂದರು. ಈ ಸಲ ನಾನು ಏನನ್ನೂ ಹೇಳದೆ, “ಯಾರದ್ದು ನೆನಪಾಗುತ್ತಿದೆ, ಅಕ್ಕ?” ಎಂದು ಮಾತ್ರ ಕೇಳಿದೆ. ಓರಗಿತ್ತಿಯ ವಿಷಯ ಹೊರಬಂತು. ಅವರಿಗೂ ಬಾಯಿ ಹುಣ್ಣು. “ಕತ್ತರಿ ತಾಗಿಸಿದರು, ಆರು ತಿಂಗಳಿಗೆ ಹೋಗಿಬಿಟ್ಟಳು. ಮುಟ್ಟದೇ ಇದ್ದಿದ್ದರೆ ಇನ್ನೂ ನಾಲ್ಕು ಕಾಲ ಇರುತ್ತಿದ್ದಳು.”

ಇದು ಅಕ್ಕನೊಬ್ಬರ ನಂಬಿಕೆಯಲ್ಲ. ವಾರಕ್ಕೊಮ್ಮೆಯಾದರೂ ನಾನು ಇದನ್ನು ಕೇಳುತ್ತೇನೆ. ‘ಹಾಗೇನೂ ಇಲ್ಲ’ ಎಂದರೆ ಸತ್ತವರ ಮಾತನ್ನೇ ತಳ್ಳಿಹಾಕಿದಂತಾಗುತ್ತದೆ. ಅದಕ್ಕೆ ಹಬ್ಬಗಳ ಲೆಕ್ಕ ಹಿಡಿದು ಕೇಳುತ್ತಾ ಹೋದೆ. ಹುಣ್ಣು ಮೊದಲು ಕಂಡದ್ದು ಯಾವಾಗ? ಗೌರಿಹಬ್ಬಕ್ಕೆ; ಬಾಗಿನದ ದಿನ ಸಾರಿನ ಖಾರ ತಡೆಯಲಾಗದೆ ಮೊಸರನ್ನ ಉಂಡಿದ್ದರು. ಕುತ್ತಿಗೆಯಲ್ಲಿ ಗಂಟು? ಸಂಕ್ರಾಂತಿಯ ಹೊತ್ತಿಗೆ ಕೈಗೆ ಸಿಗುತ್ತಿತ್ತು. ಆಸ್ಪತ್ರೆಗೆ ಹೋದದ್ದು? ಶಿವರಾತ್ರಿ ಕಳೆದ ಮೇಲೆ.

ಅಕ್ಕ ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. “ಹಾಗಾದರೆ ಗಂಟು ಕತ್ತರಿಗಿಂತ ಮೊದಲೇ ಬಂದಿತ್ತಲ್ಲ” ಎಂದರು. ನಾನು ಹೇಳಬೇಕಾಗಿದ್ದುದನ್ನು ಅವರೇ ಹೇಳಿದ್ದರು. ಅಂಗೈ ಕೆನ್ನೆಯಿಂದ ಕೆಳಗಿಳಿಯಿತು.

ಆಮೇಲೆ ವಿವರಿಸುವುದು ಸುಲಭವಾಯಿತು. ಕೆನ್ನೆಯ ಒಳಪದರದ ಜೀವಕೋಶಗಳು ಸದಾ ಸವೆದು ಉದುರುತ್ತಿರುತ್ತವೆ, ಹೊಸವು ಅವುಗಳ ಜಾಗಕ್ಕೆ ಬರುತ್ತವೆ. ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಕಟ್ಟಳೆ ಪ್ರತಿ ಕೋಶದೊಳಗೂ ಇದೆ. ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೈನ್ ಎಂಬ ವಿಷಗಳು ಆ ಕಟ್ಟಳೆಯನ್ನು ವರ್ಷಗಟ್ಟಲೆ ಒಂದೊಂದಾಗಿ ಕೆಡಿಸುತ್ತವೆ. ಸುಣ್ಣ ಒಳಪದರವನ್ನು ಸುಡುತ್ತದೆ, ನಿಕೋಟಿನ್ ಬೇಗ ಹೀರಿಕೊಳ್ಳುವಂತೆ ಮಾಡುತ್ತದೆ. ನಿಲ್ಲುವುದನ್ನು ಮರೆತ ಕೋಶಗಳ ಗುಂಪೇ ಕ್ಯಾನ್ಸರ್. ಬಿಳಿ ಮಚ್ಚೆ ಎಂದಾಕ್ಷಣ ಕ್ಯಾನ್ಸರ್ ಅಲ್ಲ. ಹೆಚ್ಚಿನ ಮಚ್ಚೆಗಳು ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಆದರೆ ಯಾವುದು ತಿರುಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿಯೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ.

“ಕೊಳೆರೋಗ ಬರುವ ಮೊದಲೇ ಬೋರ್ಡೋ ಹೊಡೆದ ಹಾಗೆ” ಎಂದರು ಅಕ್ಕ. ಅಡಿಕೆ ಗೊನೆ ಕೊಳೆಯದಿರಲಿ ಎಂದು ಹೊಡೆಯುವ ಮದ್ದು ಅದು. ಹೌದು ಎಂದೆ. ಆದರೆ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕಾಯಿತು: ಕೊಳೆ ಗೊನೆಯಿಂದ ಗೊನೆಗೆ ಹರಡುತ್ತದೆ, ಬಾಯಿ ಕ್ಯಾನ್ಸರ್ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಓರಗಿತ್ತಿಗೆ ಕೊನೆಯ ದಿನಗಳಲ್ಲಿ ತಟ್ಟೆ, ಲೋಟ ಬೇರೆ ಇಟ್ಟಿದ್ದರಂತೆ. ಅದನ್ನು ಹೇಳುವಾಗ ಅಕ್ಕ ಅತ್ತರು. ಅಷ್ಟು ಹೊತ್ತು ನಾನೂ ಸುಮ್ಮನೆ ಕುಳಿತಿದ್ದೆ.

ನಂತರ ಬಂದ ಪ್ರಶ್ನೆ: “ಇದನ್ನು ನಾನೇ ತಂದುಕೊಂಡೆನಾ?” ಹದಿಮೂರನೆಯ ವಯಸ್ಸಿನಲ್ಲಿ ಹಲ್ಲುನೋವಿಗೆಂದು ಅಜ್ಜಿ ಕೊಟ್ಟ ಕವಳ ಅವರ ಮೊದಲನೆಯದು. ಪ್ರೀತಿಯಿಂದ ಕೊಟ್ಟದ್ದು. ಕಾರಣ ಬೇರೆ, ಅಪರಾಧ ಬೇರೆ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಎಂದೂ ಕವಳ ಮುಟ್ಟದವರಿಗೂ ಬಾಯಿ ಕ್ಯಾನ್ಸರ್ ಬರುವುದುಂಟು. ಜಗತ್ತಿನ ಕ್ಯಾನ್ಸರುಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಕವಳ ಬಿಟ್ಟರೆ ಏನೂ ಆಗುವುದಿಲ್ಲ ಎಂಬ ಖಾತರಿಯನ್ನು ನಾನು ಕೊಡಲಿಲ್ಲ. ಅಪಾಯ ತಗ್ಗುತ್ತದೆ ಎಂದೆ. ಅದು ನಿಜ.

ಬಿಡಿಸುವ ಕೆಲಸದಲ್ಲಿ ಕಷ್ಟವಾದದ್ದು ಅಡಿಕೆಯ ಮಾತು. ಹೊಗೆಸೊಪ್ಪು ಬಿಟ್ಟು ಬರೀ ಎಲೆ-ಅಡಿಕೆ ಹಾಕಿಕೊಳ್ಳುತ್ತೇನೆ ಎಂದರು ಅಕ್ಕ. ಅಡಿಕೆಯಿಂದಲೇ ಅನ್ನ ಉಣ್ಣುವ ಮನೆಗೆ ಇದನ್ನು ಹೇಳಲು ನನಗೂ ನಾಲಿಗೆ ತಡವರಿಸುತ್ತದೆ. ಆದರೂ ಮುಚ್ಚಿಡುವುದು ಸರಿಯಲ್ಲ: ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಗುಂಪಿಗೆ, ಸೇರಿಸಿದೆ. “ಹಾಗಾದರೆ ತಾಂಬೂಲ ಕೊಡುವುದನ್ನೂ ಬಿಡಬೇಕೇ?” “ಕೊಡಿ, ತೆಗೆದುಕೊಳ್ಳಿ, ಕಣ್ಣಿಗೆ ಒತ್ತಿಕೊಳ್ಳಿ. ಬಾಯಿಗೆ ಹಾಕಬೇಡಿ” ಎಂದೆ. ಅದಕ್ಕೆ ಅವರು ಒಪ್ಪಿದರು.

ದಿನಕ್ಕೆ ಹನ್ನೊಂದು ಕವಳ ಎಂಬ ಲೆಕ್ಕ ಸಿಕ್ಕಿತು. ಮೊದಲು ರಾತ್ರಿ ಮಲಗುವಾಗಿನದನ್ನು ತೆಗೆದೆವು, ಏಕೆಂದರೆ ಅದೊಂದೇ ಆರೇಳು ಗಂಟೆ ಒಂದೇ ಜಾಗಕ್ಕೆ ಒತ್ತಿಕೊಂಡಿರುತ್ತದೆ. ಹತ್ತು ದಿನಗಳ ನಂತರದ ಸೋಮವಾರ ಪೂರ್ತಿ ನಿಲ್ಲಿಸುವುದೆಂದು ಅವರೇ ದಿನ ಗೊತ್ತುಮಾಡಿದರು. ಎಲೆಸಂಚಿಯನ್ನು ಅಟ್ಟಕ್ಕೆ ಹಾಕಿದರು. ಬಾಯಿ ಚಡಪಡಿಸುವುದು ಒಂದು ಸಲಕ್ಕೆ ಕೆಲವು ನಿಮಿಷ ಮಾತ್ರ. ಆ ಹೊತ್ತು ಒಂದು ಲೋಟ ನೀರು, ಒಂದು ಏಲಕ್ಕಿ, ಜಾಗ ಬಿಟ್ಟು ಎದ್ದು ಓಡಾಡುವುದು. ಮೊದಲ ಮೂರು ನಾಲ್ಕು ದಿನ ತಲೆನೋವು, ಸಿಡುಕು ಹೆಚ್ಚು ಎಂದು ಮನೆಯವರಿಗೂ ಮೊದಲೇ ತಿಳಿಸಿದೆ. ರಾತ್ರಿ ಸುಲಿಯುವುದನ್ನು ಹತ್ತು ಗಂಟೆಗೆ ನಿಲ್ಲಿಸಬೇಕು ಎಂದೆ. ನಿದ್ದೆಗೆಟ್ಟು ದುಡಿಯುವವರಿಗೆ ಬರೀ ಮನಸ್ಸು ಗಟ್ಟಿಮಾಡಿಕೊಳ್ಳಿ ಎಂದರೆ ಅದು ಸಲಹೆಯಲ್ಲ. ಕೈಯಲ್ಲಿ ಸಹಾಯವಾಣಿಯ ಸಂಖ್ಯೆ ಬರೆದ ಚೀಟಿ ಕೊಟ್ಟೆ: 1800-11-2356. ತಂಬಾಕು ಬಿಡುವವರಿಗಾಗಿಯೇ ಇರುವ ಈ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಬಯಾಪ್ಸಿಗೆ ಜಿಲ್ಲಾ ಆಸ್ಪತ್ರೆಗೆ ಆಶಾ ಕಾರ್ಯಕರ್ತೆ ಜೊತೆಗೆ ಹೋದರು. ಕ್ಯಾನ್ಸರ್ ಇರಲಿಲ್ಲ, ಕೋಶಗಳಲ್ಲಿ ಸಣ್ಣ ಮಟ್ಟದ ಬದಲಾವಣೆ ಇತ್ತು. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ನಡುವೆ ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಕೆಂಪು ಮಚ್ಚೆ, ಕುತ್ತಿಗೆಯ ಗಂಟು ಕಂಡರೆ ಅವಧಿಗೆ ಕಾಯದೆ ಬರಬೇಕು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿಯ ಜೊತೆಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯೂ ಇದೆ, ಅವನ್ನೂ ಮಾಡಿಸಿಕೊಂಡರು. ಹನ್ನೆರಡು ವರ್ಷದ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲು ಹೇಳಿದೆ.

ಕೊಯ್ಲಿನ ಸಮಯದಲ್ಲಿ ಅಕ್ಕ ಎರಡು ರಾತ್ರಿ ಮತ್ತೆ ಕವಳ ಹಾಕಿದರು. ಬಂದು ತಾವೇ ಹೇಳಿದರು. ಬೈಯುತ್ತೇನೆಂದುಕೊಂಡಿದ್ದರು. ಹನ್ನೊಂದು ವಾರ ಬಿಟ್ಟಿದ್ದವರು ಎರಡು ರಾತ್ರಿ ಜಾರಿದ್ದಕ್ಕೆ ಬೈಯುವುದೇನಿದೆ? ಆ ಎರಡು ರಾತ್ರಿ ಪಕ್ಕದಲ್ಲಿ ಸಂಚಿ ಬಿಚ್ಚಿದವರು ಯಾರು ಎಂದು ಮಾತ್ರ ಕೇಳಿದೆ.

ಅವರ ಯಜಮಾನರು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಅವರು ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾರೆ. ಸಂಚಿಯ ಕವಳವೂ ಬೇಕು. ಈಚೆಗೆ ರೊಟ್ಟಿ ಮುರಿದು ಸಣ್ಣ ಚೂರು ಮಾಡಿಕೊಳ್ಳುತ್ತಾರಂತೆ, ಬಾಯಿ ಪೂರ್ತಿ ತೆರೆಯುವುದಿಲ್ಲವಂತೆ. ಅಡಿಕೆಯಿಂದ ಕೆನ್ನೆಯ ಒಳಗೆ ನಾರುಗಟ್ಟಿದರೆ ಹೀಗಾಗುತ್ತದೆ. ತಾನಾಗಿ ಹಿಂದಕ್ಕೆ ಹೋಗುವ ತೊಂದರೆ ಅದಲ್ಲ. ಅಕ್ಕನನ್ನು ಕರೆತಂದು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಬರಲು ಒಪ್ಪಲಿಲ್ಲ. ಪಟವನ್ನೂ ಕಡತವನ್ನೂ ಮೇಜಿನ ಮೇಲೆಯೇ ಬಿಟ್ಟು ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ಈ ವರ್ಷ ಅಡಿಕೆಗೆ ಧಾರಣೆ ಹೇಗಿದೆ ಎಂದು ಕೇಳಿದೆ.