ಪ್ರತಿಕ್ರಿಯೆ: ಡೀಕಾಲ್ ಅಡಿಯಲ್ಲಿ ಬೆಳ್ಳಿ ಹೊಳಪು

1/32 ಅಳತೆಯ ಎಫ್-16 ಯುದ್ಧವಿಮಾನದ ಮಾದರಿಗೆ ಮ್ಯಾಟ್ (ಹೊಳಪಿಲ್ಲದ) ಬೂದು ಬಣ್ಣ ಹೊಡೆದು ಡೀಕಾಲ್ (ಗುರುತು, ಅಂಕಿಗಳಿರುವ ತೆಳು ಪೊರೆ) ಅಂಟಿಸಿದ ಮೇಲೆ, ಅದರಡಿ ಬೆಳ್ಳಿ ಥರ ಹೊಳೆಯೋದು ಯಾಕೆ ಅಂತ ಕೇಳಿದ್ದೀರಿ. ತಪ್ಪು ಡೀಕಾಲ್‌ನದಲ್ಲ, ಮ್ಯಾಟ್ ಬಣ್ಣದ್ದು. ಅದರ ಮೈ ತರಿತರಿ. ಆ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಬೆಳಕಿಗೆ ಅದೇ ಮಿನುಗುತ್ತದೆ.

ಕಿತ್ತು ಹಾಕಬೇಡಿ. ಹೊಳೆಯುವ ಕಡೆ ಸೂಜಿಮೊನೆಯಿಂದ ಒಂದೆರಡು ಸಲ ಚುಚ್ಚಿ, ಡೀಕಾಲ್ ಮೆದುವಾಗಿಸುವ ದ್ರವವನ್ನು ಬ್ರಷ್‌ನಲ್ಲಿ ಸವರಿ. ಸ್ವಲ್ಪ ಹೊತ್ತಿಗೆ ಡೀಕಾಲ್ ಸುಕ್ಕುಸುಕ್ಕಾಗುತ್ತದೆ. ಗಾಬರಿಯಾಗಿ ಮುಟ್ಟಿದರೆ ಕೆಟ್ಟಿತು! (ನಾನು ಮುಟ್ಟಿದ್ದೇನೆ, ಬಾಲದ ದೊಡ್ಡ ಗುರುತೇ ಹರಿದುಹೋಯ್ತು.) ಸುಮ್ನೆ ಬಿಡಿ, ಒಣಗುತ್ತಾ ತಾನೇ ಪ್ಯಾನೆಲ್ ಗೆರೆಗಳೊಳಗೆ (ಮಾದರಿಯ ಮೈಮೇಲೆ ಕೊರೆದ ಗೆರೆಗಳು) ಕೂರುತ್ತದೆ. ಹೊಳಪು ಹೋಗದಿದ್ದರೆ ಮತ್ತೊಮ್ಮೆ ಮಾಡಿ.

ಉಳಿದ ಡೀಕಾಲ್‌ಗಳನ್ನು ಅಂಟಿಸುವ ಮೊದಲು ಬಣ್ಣದ ಮೇಲೆ ಗ್ಲಾಸಿ (ಹೊಳಪಿನ) ವಾರ್ನಿಷ್ ಹೊಡೆದು ಚೆನ್ನಾಗಿ ಒಣಗಿಸಿ. ಕೊನೆಗೆ ಎಲ್ಲದರ ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರೆ ಬೂದು ಮೊದಲಿನಂತೆ ಮಂಕಾಗುತ್ತದೆ.